ಕದ್ದು ಹೋಗಬೇಡ, ಹೇಳಿ ಹೋಗು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

26 ವಾರದ ಹೆರಿಗೆ ರಜೆಗೆ ಗಳಿಕೆ ರಜೆಯನ್ನೂ ಸೇರಿಸಿಕೊಂಡು ಇಲ್ಲಿವರೆಗೆ ತಳ್ಳಿದ್ದೀಯ. ಈಗ ಕೆಲಸಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಪಾಪು ಯಾರ ಹತ್ತಿರವೂ ಹೋಗುತ್ತಿಲ್ಲ, ನೀನು ಬಚ್ಚಲಿಗೆ ಹೋದರೂ ಬಾಗಿಲ ಹತ್ತಿರ ಕೂತು ಅಳುತ್ತಾನೆ ಅಂತ ಹೇಳಿದೆಯಲ್ಲ, ಆಗಿನಿಂದ ನನಗೂ ಅದೇ ಯೋಚನೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಈಗ ಸಾವಧಾನವಾಗಿ ಬರೆಯುತ್ತಿದ್ದೇನೆ.

ಎತ್ತಿ ಎತ್ತಿ ನಾನೇ ಅಭ್ಯಾಸ ಮಾಡಿಬಿಟ್ಟೆನಾ ಅಂತ ಕೇಳಿದೆ. ಇಲ್ಲ ಕಣೇ. ಅಂಗನವಾಡಿಯಲ್ಲಿ ಇಷ್ಟು ವರ್ಷ ಇದ್ದು ಹೇಳುತ್ತಿದ್ದೇನೆ, ಇದು ಮಗು ಬೆಳೆಯುತ್ತಿರುವ ಲಕ್ಷಣ. ಹುಟ್ಟಿದಾಗ ಅವನಿಗೆ ಸುಮಾರು ಒಂದಡಿ ದೂರದವರೆಗೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಹಾಲು ಕುಡಿಯುವಾಗ ನಿನ್ನ ಮುಖ ಇರುತ್ತದಲ್ಲ, ಅಷ್ಟೇ ದೂರ. ನಿನ್ನ ದನಿಯಂತೂ ಹೊಟ್ಟೆಯಲ್ಲಿದ್ದಾಗಲೇ ಪರಿಚಯ. ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಕ್ಕ. ಆಗ ಯಾರು ಎತ್ತಿಕೊಂಡರೂ ನಗುತ್ತಿದ್ದ, ಅಲ್ವಾ? ಈಗ ಎಂಟನೇ ತಿಂಗಳಲ್ಲಿ ನಮ್ಮವರು ಯಾರು, ಹೊಸಬರು ಯಾರು ಅಂತ ಗೊತ್ತಾಗುತ್ತಿದೆ. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಅನ್ನುವುದೂ ತಿಳಿಯುತ್ತಿದೆ. ಆದರೆ ವಾಪಸ್ ಬರುತ್ತಾಳೆ ಅನ್ನುವ ಧೈರ್ಯ ಇನ್ನೂ ಬಂದಿಲ್ಲ. ಅದಕ್ಕೇ ಆ ಅಳು. ಒಂದು ವರ್ಷದ ಆಸುಪಾಸಿನಲ್ಲಿ ಇನ್ನೂ ಜಾಸ್ತಿ ಆಗಬಹುದು, ಆಮೇಲೆ ನಿಧಾನವಾಗಿ ಇಳಿಯುತ್ತದೆ.

ಆ ಧೈರ್ಯವನ್ನು ನೀನು ಕೊಡಬೇಕು. ಅವನು ಆಟದಲ್ಲಿ ಮೈಮರೆತಾಗ ಹಿಂದಿನ ಬಾಗಿಲಿಂದ ಸುಮ್ನೆ ಜಾರಿಕೊಳ್ಳಬೇಡ. ಅಂಗನವಾಡಿಯಲ್ಲಿ ಹಾಗೆ ಬಿಟ್ಟುಹೋದ ಮಕ್ಕಳು ಮಾರನೇ ದಿನದಿಂದ ಅಮ್ಮನ ಸೆರಗನ್ನೇ ಬಿಡುತ್ತಿರಲಿಲ್ಲ, ಯಾವಾಗ ಮಾಯವಾಗಿಬಿಡುತ್ತಾಳೋ ಅಂತ ಕಾವಲು ಕಾಯುತ್ತಿದ್ದವು. ಎತ್ತಿಕೋ, ಮುತ್ತು ಕೊಡು, "ಅಮ್ಮ ಹೋಗಿ ಬರ್ತೀನಿ" ಅಂತ ಹೇಳು, ಹೊರಡು. ಅಳಲಿ. ಮತ್ತೆ ಮತ್ತೆ ತಿರುಗಿ ಬಂದು ಎತ್ತಿಕೊಂಡರೆ ಇಬ್ಬರಿಗೂ ಕಷ್ಟ.

ಹೊರಡುವಾಗ ನಿನ್ನ ಮುಖ ಹೇಗಿರುತ್ತದೆ ಅನ್ನುವುದು ತುಂಬಾ ಮುಖ್ಯ. ಅಮೆರಿಕದ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಒಂದು ವರ್ಷದ ಮಕ್ಕಳನ್ನು ಗಾಜಿನ ಮೇಜಿನ ಮೇಲೆ ಬಿಟ್ಟಿದ್ದರು. ಗಾಜಿನ ಕೆಳಗೆ ತಗ್ಗು ಕಾಣುತ್ತಿತ್ತು, ಆಚೆ ಬದಿಯಲ್ಲಿ ತಾಯಿ. ತಾಯಿ ನಗುಮುಖ ಮಾಡಿದಾಗ ಹೆಚ್ಚಿನ ಮಕ್ಕಳು ಅಂಬೆಗಾಲಿಟ್ಟು ದಾಟಿಬಂದವು. ಹೆದರಿದ ಮುಖ ಮಾಡಿದಾಗ ಒಂದೂ ದಾಟಲಿಲ್ಲ. ನೀನು ಕಣ್ಣೀರು ಹಾಕುತ್ತಾ ಅವನನ್ನು ಅತ್ತೆಯ ಕೈಗೆ ಕೊಟ್ಟರೆ ಅವನಿಗೆ ಏನು ಅನ್ನಿಸಬೇಕು ಹೇಳು.

ಊರಿಂದ ಬಂದಿರುವ ನಿಮ್ಮ ಅತ್ತೆ ಅವನಿಗೆ ಹೊಸಬರು. ಬಂದ ಕೂಡಲೇ ಎತ್ತಿಕೊಳ್ಳುವುದು ಬೇಡ ಅಂತ ಮೆಲ್ಲಗೆ ಹೇಳು, ಬೇಜಾರು ಮಾಡಿಕೊಳ್ಳದ ಹಾಗೆ. ಪಕ್ಕದಲ್ಲಿ ಕೂತು ಲೋಟ, ಚಮಚ ಕೊಟ್ಟು ಆಡಿಸಲಿ, ಅವನೇ ಹತ್ತಿರ ಹೋಗಲಿ. ನೀನು ಇರುವಾಗಲೇ ಎಣ್ಣೆ ಹಚ್ಚುವುದು, ರಾಗಿ ಸರಿ ತಿನ್ನಿಸುವುದು ಅವರ ಕೈಗೆ ಹೋಗಲಿ. ಮಗು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಳ್ಳುತ್ತದೆ, ಅದರಿಂದ ನಿನ್ನ ಪಾಲು ಕಮ್ಮಿ ಆಗುವುದಿಲ್ಲ. ಸೆರಗು ಮುಖಕ್ಕೆ ಅಡ್ಡ ಹಿಡಿದು "ಅಮ್ಮ ಎಲ್ಲಿ?" ಅಂತ ಆಡಿಸುತ್ತಾರಲ್ಲ, ಅದನ್ನು ದಿನಾ ಆಡು. ಹೋದ ಮುಖ ವಾಪಸ್ ಬರುತ್ತದೆ ಅನ್ನುವ ಪಾಠ ಅದರಲ್ಲೇ ಇದೆ. ಅಳು ನಿಲ್ಲಿಸೋಕೆ ಮೊಬೈಲ್ ಮಾತ್ರ ಕೊಡಬೇಡಿ. ಒಂದು ವರ್ಷದೊಳಗಿನ ಮಕ್ಕಳಿಗೆ ಟಿವಿ, ಮೊಬೈಲ್ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಸಂಜೆ ಬಂದ ಮೇಲೆ ನಿನ್ನ ಫೋನನ್ನೂ ಅತ್ತ ಇಡು. ಅವನು ನಕ್ಕಾಗ ತಿರುಗಿ ನಗುವ ಮುಖ ಬೇಕು ಅವನಿಗೆ.

ಅಳುವ ಮಗುವಿನ ಬಗ್ಗೆ ನನಗೆ ಚಿಂತೆ ಇಲ್ಲ. ಕಣ್ಣಿಟ್ಟು ನೋಡದೆ, ನಗುವಿಗೆ ನಗದೆ, ವರ್ಷವಾದರೂ ಹೆಸರು ಕರೆದರೆ ತಿರುಗದೆ ಇದ್ದರೆ ಮಾತ್ರ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಪಾಪುವಿಗೆ ಅಂಥದ್ದೇನೂ ಇಲ್ಲ, ಸುಮ್ನೆ ತಿಳಿದಿರಲಿ.

ನನಗೆ ಜಾಸ್ತಿ ಯೋಚನೆ ನಿನ್ನದೇ. ರಾತ್ರಿ ಅವನು ಮಲಗಿದರೂ ನಿನಗೆ ನಿದ್ದೆ ಬರುವುದಿಲ್ಲ ಅಂದೆ. ಬಾಣಂತನ ಮುಗಿದು ಇಷ್ಟು ದಿನವಾದರೂ ಮನಸ್ಸು ಭಾರವಾಗಿಯೇ ಇದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ಮುಚ್ಚಿಡಬೇಡ. ಸರ್ಕಾರದ ಟೆಲಿ ಮಾನಸ್ ಅನ್ನುವ ಮನಸ್ಸಿನ ಆರೋಗ್ಯದ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗಂಡನಿಗೂ ಹೇಳು.

ಕೆಲಸಕ್ಕೆ ಹೋಗುವ ಮೊದಲ ವಾರ ನಾನು ಬಂದಿರುತ್ತೇನೆ. ಯಾವತ್ತಿನಿಂದ ಅಂತ ತಿಳಿಸು, ಬಸ್ಸಿಗೆ ಮುಂಚೆಯೇ ಸೀಟು ಮಾಡಿಸಬೇಕು.

ನಿನ್ನ
ದೊಡ್ಡಮ್ಮ