ಉತ್ತರ ಕೊಡದ ಡಿಎನ್‌ಎಸ್ ಸರ್ವರ್‌ಗಳು

ಮಾನ್ಯ ಸಂಪಾದಕರೇ,

ಜಾಲತಾಣವೊಂದು ಕೆಲವರಿಗೆ ತೆರೆದುಕೊಂಡು ಉಳಿದವರಿಗೆ ತೆರೆದುಕೊಳ್ಳದಿದ್ದಾಗ ಬಳಕೆದಾರರು ತಮ್ಮ ಇಂಟರ್ನೆಟ್ ಸಂಪರ್ಕವನ್ನೇ ದೂರುತ್ತಾರೆ. ಎಷ್ಟೋ ಸಲ ದೋಷವಿರುವುದು ಆ ತಾಣದ ಡಿಎನ್‌ಎಸ್ ಸರ್ವರ್‌ನಲ್ಲಿ (ತಾಣದ ಹೆಸರಿಗೆ ತಕ್ಕ ಅಂಕಿ ವಿಳಾಸವನ್ನು ತಿಳಿಸುವ ಗಣಕ) ಅಥವಾ ಅದರ ಮುಂದಿರುವ ಹಳೆಯ ಫೈರ್‌ವಾಲ್‌ನಲ್ಲಿ (ಬೇಡದ ಸಂದೇಶಗಳನ್ನು ತಡೆಯುವ ಕಾವಲು).

ಯುಡಿಪಿ ಎಂಬ ಹಗುರ ಸಾಗಣೆ ವಿಧಾನದ ಮೂಲಕ ಬರುವ ಡಿಎನ್‌ಎಸ್ ಉತ್ತರಕ್ಕೆ ಮೊದಲು 512 ಬೈಟ್‌ಗಳ ಮಿತಿಯಿತ್ತು. 1999ರಲ್ಲಿ ರೂಪುಗೊಂಡ ಇಡಿಎನ್‌ಎಸ್ ವಿಸ್ತರಣೆ ಅದನ್ನು ಸಡಿಲಿಸಿತು, ಉತ್ತರ ನಕಲಿಯಲ್ಲವೆಂದು ಖಚಿತಪಡಿಸುವ ಡಿಎನ್‌ಎಸ್‌ಸೆಕ್ ಸಹಿಗಳನ್ನು ಕೇಳಿ ಪಡೆಯುವುದೂ ಅದರಿಂದಲೇ ಸಾಧ್ಯವಾಯಿತು. ಈ ವಿಸ್ತರಣೆ ತಿಳಿಯದ ಸರ್ವರ್ ‘ಪ್ರಶ್ನೆಯ ರೂಪ ಸರಿಯಿಲ್ಲ’ ಎಂಬ ದೋಷ ಸಂಕೇತವನ್ನಾದರೂ ಕಳಿಸಬೇಕು. ಏನೂ ಹೇಳದೆ ಸುಮ್ಮನಿರುವುದು ಅಕ್ಷಮ್ಯ, ಏಕೆಂದರೆ ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಯಿತೋ, ಸರ್ವರೇ ಕೆಟ್ಟಿದೆಯೋ ಎಂಬುದು ಕೇಳಿದವರಿಗೆ ತಿಳಿಯುವುದಿಲ್ಲ. ಇಂತಹ ಮೌನವನ್ನು ಸಹಿಸಿಕೊಂಡು ಇಡಿಎನ್‌ಎಸ್ ಇಲ್ಲದೆ ಮತ್ತೆ ಕೇಳುತ್ತಿದ್ದ, ಬಳಕೆದಾರರ ಪರವಾಗಿ ವಿಳಾಸ ಹುಡುಕುವ ಬೈಂಡ್, ಅನ್‌ಬೌಂಡ್ ಮೊದಲಾದ ತಂತ್ರಾಂಶಗಳು 2019ರ ಫೆಬ್ರುವರಿ 1ರ ‘ಡಿಎನ್‌ಎಸ್ ಫ್ಲ್ಯಾಗ್ ಡೇ’ (ಈ ಬದಲಾವಣೆಗೆ ಗೊತ್ತುಮಾಡಿದ ದಿನ) ಸುಮಾರಿಗೆ ಬಂದ ಹೊಸ ಆವೃತ್ತಿಗಳಲ್ಲಿ ಆ ಔದಾರ್ಯವನ್ನು ಕೈಬಿಟ್ಟವು.

ಪರೀಕ್ಷೆ ಕಷ್ಟವೇನಲ್ಲ. ಡಿಎನ್‌ಎಸ್ ಪ್ರಶ್ನೆ ಕೇಳುವ ‘ಡಿಗ್’ ಆದೇಶದಿಂದ ಅದೇ ಸರ್ವರ್‌ಗೆ ಮೊದಲು ಇಡಿಎನ್‌ಎಸ್ ಇಲ್ಲದೆ, ಆಮೇಲೆ ಅದನ್ನು ಸೇರಿಸಿ, ಕೊನೆಗೆ ಡಿಎನ್‌ಎಸ್‌ಸೆಕ್ ಆಯ್ಕೆಯೊಂದಿಗೆ ಕೇಳಬೇಕು. ಮೊದಲನೆಯದಕ್ಕೆ ಮಾತ್ರ ಉತ್ತರ ಬಂದರೆ, ಫೈರ್‌ವಾಲ್‌ನ ಒಳಗಿನಿಂದ ಅದೇ ಪ್ರಶ್ನೆಗಳನ್ನು ಕೇಳಿ ನೋಡಬೇಕು. ಅಲ್ಲಿ ಎಲ್ಲಕ್ಕೂ ಉತ್ತರ ಸಿಕ್ಕರೆ ತಪ್ಪು ಫೈರ್‌ವಾಲ್‌ನದು. ದೊಡ್ಡ ಉತ್ತರಗಳಷ್ಟೇ ಬಾರದಿದ್ದರೆ, ಅವು ತುಂಡಾಗಿ ದಾರಿಯಲ್ಲಿ ನಷ್ಟವಾಗುತ್ತಿರುವ ಸಂಭವ ಹೆಚ್ಚು: ಇಡಿಎನ್‌ಎಸ್ ಬಫರ್ ಗಾತ್ರವನ್ನು (ಯುಡಿಪಿ ಉತ್ತರದ ಗರಿಷ್ಠ ಗಾತ್ರ) 1232 ಬೈಟ್‌ಗೆ ಇಳಿಸಿ, ಅದಕ್ಕಿಂತ ದೊಡ್ಡ ಉತ್ತರಗಳು ಸಾಗಲು ಟಿಸಿಪಿ ಎಂಬ ಇನ್ನೊಂದು ಸಾಗಣೆ ವಿಧಾನದ 53ನೇ ಪೋರ್ಟನ್ನು ತೆರೆದಿಡಬೇಕು.

ಸಾರ್ವಜನಿಕ ಸೇವೆಯ ತಾಣಗಳನ್ನು ನೋಡಿಕೊಳ್ಳುವವರು ದೂರು ಬಂದೊಡನೆ ಡಿಎನ್‌ಎಸ್‌ಸೆಕ್ ತೆಗೆದುಹಾಕಿ ಕೈತೊಳೆದುಕೊಳ್ಳದೆ, ಈ ಪರೀಕ್ಷೆಗಳನ್ನು ಮಾಡಿ ಮೂಲದೋಷವನ್ನೇ ಸರಿಪಡಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ನೆಟ್‌ವರ್ಕ್ ನಿರ್ವಾಹಕ, ಮೈಸೂರು