ಸೋರ್ಸ್‌ನಿಂದ ಒಮ್ಮೆಯಾದರೂ ಆಪರೇಟಿಂಗ್ ಸಿಸ್ಟಮ್ ಕಟ್ಟಿಸಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಬಹಳ ವರ್ಷಗಳಿಂದ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ಕ್ಯಾಂಪಸ್ ನೇಮಕಾತಿ ಮುಗಿದಾಗ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಲಕ್ಷದ ಪ್ಯಾಕೇಜ್ ಎಂಬುದೆಲ್ಲ ಜಿಲ್ಲಾ ಪುಟಗಳಲ್ಲಿ ಫೋಟೊ ಸಮೇತ ಬರುತ್ತದೆ. ಬರಲಿ, ನಮ್ಮ ಮಕ್ಕಳೇ ಅಲ್ಲವೇ. ಆದರೆ ಅವರಲ್ಲಿ ಬಹುಪಾಲು ಮಂದಿ, ದಿನವೂ ಕೈಯಾಡಿಸುವ ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಯಾವ ಫೈಲುಗಳಿಂದ ಹೇಗೆ ತಯಾರಾಗುತ್ತದೆ ಎಂಬುದನ್ನು ಒಂದು ಸಲವೂ ಕಣ್ಣಾರೆ ಕಾಣದೆ ಡಿಗ್ರಿ ಮುಗಿಸುತ್ತಿದ್ದಾರೆ.

ಲ್ಯಾಬ್ ಪರೀಕ್ಷೆಯಲ್ಲಿ ಬರುವುದು ರೌಂಡ್ ರಾಬಿನ್ ಶೆಡ್ಯೂಲಿಂಗ್, ಬ್ಯಾಂಕರ್ಸ್ ಅಲ್ಗಾರಿದಮ್, ಪೇಜ್ ರಿಪ್ಲೇಸ್‌ಮೆಂಟ್. ಎಲ್ಲವೂ ಒಂದೆರಡು ಪುಟದ ಸಿ ಪ್ರೋಗ್ರಾಂ. ಪ್ರತಿ ಕೆಲಸಕ್ಕೆ ಬೇಕಾದ ಪ್ರೊಸೆಸರ್ ಸಮಯವಾದ ಬರ್ಸ್ಟ್ ಟೈಮ್ ಟೈಪ್ ಮಾಡಿದರೆ ಸರಾಸರಿ ಕಾಯುವ ಸಮಯ ಪ್ರಿಂಟ್ ಆಗುತ್ತದೆ, ಎಕ್ಸ್‌ಟರ್ನಲ್ ಪರೀಕ್ಷಕರು ಅಂಕ ಹಾಕುತ್ತಾರೆ. ಅಲ್ಲಿ ನಿಜವಾದ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಒಂದನ್ನೂ ಯಾರೂ ಶೆಡ್ಯೂಲ್ ಮಾಡಿರುವುದಿಲ್ಲ. ರೆಕಾರ್ಡ್ ಪುಸ್ತಕ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಹಾಗೆಯೇ ಇಳಿದು ಬರುತ್ತದೆ.

ನನ್ನ ಕೋರಿಕೆ ಇಷ್ಟು: ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜುಗಳು ಪ್ರತಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯಿಂದಲೂ ಒಂದು ಮುಕ್ತ ಆಪರೇಟಿಂಗ್ ಸಿಸ್ಟಮ್ ಅನ್ನು ಸೋರ್ಸ್ ಕೋಡ್‌ನಿಂದ (ಪ್ರೋಗ್ರಾಮರುಗಳು ಬರೆದ ಮೂಲ ಸಾಲುಗಳಿಂದ) ಕಟ್ಟಿಸಿ, ಅದೇ ಯಂತ್ರವನ್ನು ಅದರಲ್ಲೇ ಬೂಟ್ ಮಾಡಿಸಬೇಕು.

ಇದು ದೊಡ್ಡ ಊರಿನ ಕಾಲೇಜುಗಳ ಶೋಕಿ ಎನ್ನುವವರಿದ್ದಾರೆ. ಆದರೆ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹುಟ್ಟಿದ್ದೇ ಪಾಠದ ಕೋಣೆಯ ಹಟದಿಂದ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಅವರು 1976ರಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನ ಆರನೇ ಆವೃತ್ತಿಯ ಸೋರ್ಸನ್ನು ಮುದ್ರಿಸಿ, ಸಾಲು ಸಾಲಿಗೆ ವಿವರಣೆ ಬರೆದು ವಿದ್ಯಾರ್ಥಿಗಳ ಕೈಗಿಟ್ಟರು. ಏಳನೇ ಆವೃತ್ತಿಯ ಹೊತ್ತಿಗೆ ಯುನಿಕ್ಸಿನ ಒಡೆತನವಿದ್ದ ಎಟಿ ಅಂಡ್ ಟಿ ಕಂಪನಿ ತನ್ನ ಸೋರ್ಸನ್ನು ತರಗತಿಯಲ್ಲಿ ಪಾಠ ಮಾಡಕೂಡದೆಂದು ಲೈಸೆನ್ಸಿನಲ್ಲೇ ಬರೆಯಿತು. ಲಯನ್ಸ್ ಅವರ ಪುಟಗಳು ಜೆರಾಕ್ಸ್ ಆಗಿ ಕೈಯಿಂದ ಕೈಗೆ ದಾಟಿದವು. ಪಾಠಕ್ಕೆ ಸೋರ್ಸ್ ಇಲ್ಲದಾಯಿತೆಂದು ಆಂಡ್ರ್ಯೂ ಟನೆನ್‌ಬಾಮ್ 1987ರಲ್ಲಿ ಮಿನಿಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆದರು. ಆ ಮಿನಿಕ್ಸ್ ಬಳಸುತ್ತಿದ್ದ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಹೊರತಂದಾಗ ವಯಸ್ಸು 21. ನಮ್ಮ ಏಳನೇ ಸೆಮಿಸ್ಟರಿನವರ ವಯಸ್ಸೂ ಅಷ್ಟೇ.

ಪಠ್ಯಕ್ರಮದ ಹೊರಗೆ, ಶನಿವಾರ ಮಧ್ಯಾಹ್ನ, ಇಷ್ಟಪಟ್ಟು ಬಂದವರಿಗೆ ನಾನಿದನ್ನು ಮಾಡಿಸುತ್ತೇನೆ. ಮೊದಲು ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್. ಅಮೆರಿಕದ ಎಂಐಟಿಯವರು 2006ರಲ್ಲಿ ಪಾಠಕ್ಕೆಂದೇ ಬರೆದದ್ದು, ಅದರ ತಿರುಳಾದ ಕರ್ನಲ್ ಹತ್ತು ಸಾವಿರ ಸಾಲಿಗಿಂತ ಕಡಿಮೆ. ಚಹಾ ಕುಡಿದು ಬರುವುದರೊಳಗೆ ಬಿಲ್ಡ್ (ಸೋರ್ಸನ್ನು ಓಡುವ ಪ್ರೋಗ್ರಾಂ ಮಾಡುವ ಕೆಲಸ) ಮುಗಿದು, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ನಟಿಸುವ ಕ್ಯುಎಮು ಎಮ್ಯುಲೇಟರಿನಲ್ಲಿ ಬೂಟ್ ಆಗುತ್ತದೆ. ಅದಕ್ಕೆ ಒಂದು ಹೊಸ ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್ಲಿನಿಂದ ಕೆಲಸ ಕೇಳುವ ಕರೆ) ಸೇರಿಸಲು ಹೇಳುತ್ತೇನೆ. ನಂಬರು ಕೊಡಬೇಕು, ಕರ್ನಲ್ಲಿನ ಪಟ್ಟಿಗೆ ಸೇರಿಸಬೇಕು, ಬಳಕೆದಾರನ ಕಡೆಯಿಂದ ಒಳಕ್ಕೆ ಹಾರುವ ದಾರಿ ಮಾಡಬೇಕು, ಕೆಲಸ ಮಾಡುವ ಫಂಕ್ಷನ್ ಬರೆಯಬೇಕು. ಯೂಸರ್ ಮೋಡ್, ಕರ್ನಲ್ ಮೋಡ್ ಎಂದು ಗಿಳಿಪಾಠ ಒಪ್ಪಿಸುತ್ತಿದ್ದವರು, ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಆಗ ಬೆರಳಿಟ್ಟು ತೋರಿಸುತ್ತಾರೆ.

ಆಮೇಲೆ ಫ್ರೀಬಿಎಸ್‌ಡಿ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್. ಆಟಿಕೆಯಲ್ಲ, ಲೋಕ ನಡೆಸುವ ಸಿಸ್ಟಮ್. ನೆಟ್‌ಫ್ಲಿಕ್ಸ್ ತನ್ನ ವಿಡಿಯೊ ಹಂಚುವ ಸರ್ವರುಗಳನ್ನು ಓಡಿಸುವುದು ಇದರ ಮೇಲೆಯೇ. ಕರ್ನಲ್, ಲೈಬ್ರರಿ, ದಿನಬಳಕೆಯ ಕಮಾಂಡುಗಳು ಎಲ್ಲವೂ ಒಂದೇ ಸೋರ್ಸ್ ಮರದಲ್ಲಿರುವುದರಿಂದ ಕಲಿಯುವವರಿಗೆ ಹಿತ. ಕರ್ನಲ್ ಬಿಟ್ಟು ಉಳಿದದ್ದಕ್ಕೆ ಇಲ್ಲಿ ವರ್ಲ್ಡ್ ಎಂದು ಹೆಸರು. ಕಟ್ಟುವ ಕ್ರಮ ಹೀಗೆ: ಬಿಲ್ಡ್‌ವರ್ಲ್ಡ್, ಬಿಲ್ಡ್‌ಕರ್ನಲ್, ಇನ್‌ಸ್ಟಾಲ್‌ಕರ್ನಲ್, ರೀಬೂಟ್, ನಂತರವೇ ಇನ್‌ಸ್ಟಾಲ್‌ವರ್ಲ್ಡ್. ಈ ಕ್ರಮ ಯಾಕೆ ಎಂದು ಕೇಳುತ್ತೇನೆ. ಹೊಸ ಪ್ರೋಗ್ರಾಂಗಳು ಹಳೆಯ ಕರ್ನಲ್ಲಿನಲ್ಲಿ ಇಲ್ಲದ ಸಿಸ್ಟಮ್ ಕಾಲ್ ಕೇಳಬಹುದು, ಆದ್ದರಿಂದ ಕರ್ನಲ್ ಮೊದಲು. ಹೊಸ ಕರ್ನಲ್ ಏಳದಿದ್ದರೆ? ಇನ್‌ಸ್ಟಾಲ್ ಮಾಡುವಾಗಲೇ ಹಳೆಯದನ್ನು ಪಕ್ಕಕ್ಕೆ ಎತ್ತಿಟ್ಟಿರುತ್ತದೆ, ಬೂಟ್ ಲೋಡರಿನಲ್ಲಿ ಅದನ್ನು ಆರಿಸಿಕೊಂಡರಾಯಿತು. ಜಗಳೂರು ಕಡೆಯ ಹುಡುಗಿಯೊಬ್ಬಳು ತನ್ನ ಕರ್ನಲ್ ಕಾನ್ಫಿಗರೇಷನ್ನಿಗೆ ಜಗಳೂರು ಎಂದೇ ಹೆಸರಿಟ್ಟಳು. ಓಡುತ್ತಿರುವ ಸಿಸ್ಟಮಿನ ವಿವರ ಹೇಳುವ ಯುನೇಮ್ ಕಮಾಂಡ್ ಕೊಟ್ಟಾಗ ಪರದೆಯ ಮೇಲೆ ಅವಳ ಊರು ಬಂತು. ಅವಳ ಸಂತೋಷ ಇಡೀ ಲ್ಯಾಬಿನದಾಯಿತು.

ಆ ಸೋರ್ಸ್ ಮರದೊಳಗೆ, ಸೋರ್ಸನ್ನು ಯಂತ್ರಭಾಷೆಗೆ ತಿರುಗಿಸುವ ಕ್ಲ್ಯಾಂಗ್ ಕಂಪೈಲರೂ ಇದೆ, ಹೊತ್ತು ತಿನ್ನುವುದು ಅದೇ. ನಾಲ್ಕು ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಒಟ್ಟಿಗೆ ಎಂಟು ಕೆಲಸ ಹಚ್ಚಿದರೆ ಮೆಮೊರಿ ಸಾಲದೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಕರೆಂಟ್ ಕೈಕೊಡುವುದೂ ಇದ್ದದ್ದೇ. ಸ್ವಚ್ಛ ಮಾಡದೆ ಮುಂದುವರಿಸು ಎಂದರೆ, ಬಿಲ್ಡ್ ನಡೆಸುವ ಮೇಕ್ ಎಂಬ ಉಪಕರಣವು ಫೈಲುಗಳ ಸಮಯ ನೋಡಿ ಮುಗಿದಷ್ಟನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಆದರೆ ಕರೆಂಟ್ ಹೋದ ಕ್ಷಣದಲ್ಲಿ ಅರ್ಧ ಬರೆದ ಆಬ್ಜೆಕ್ಟ್ ಫೈಲ್ (ಕಂಪೈಲರ್ ತಯಾರಿಸುವ ಫೈಲ್) ಉಳಿದಿದ್ದರೆ ಅದನ್ನೂ ಮುಗಿದದ್ದೆಂದೇ ಎಣಿಸುತ್ತದೆ, ಹುಡುಕಿ ಅಳಿಸಬೇಕು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಈ ಉಪಕರಣದ ಸ್ವಭಾವ ನಮ್ಮವರಿಗೆ ಅರ್ಥವಾಗಿದ್ದು ಹೀಗೆ.

ಎರರ್ ಓದುವುದನ್ನು ಕಲಿಸಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿನ ಎರರ್ ಕಂಡೊಡನೆ ತಮ್ಮಿಂದಾಗದೆಂದು ಕುರ್ಚಿ ಹಿಂದಕ್ಕೆ ತಳ್ಳುತ್ತಾರೆ. ಬಿಲ್ಡ್ ನಿಂತಾಗ ಕೊನೆಯ ಸಾಲು ‘ನಿಂತಿತು’ ಎಂದಷ್ಟೇ ಹೇಳುತ್ತದೆ. ನಾಲ್ಕು ಕೆಲಸ ಒಟ್ಟಿಗೆ ಓಡುತ್ತಿದ್ದರೆ ಒಂದು ಕೆಟ್ಟ ಮೇಲೂ ಉಳಿದ ಮೂರು ತಮ್ಮ ಸಾಲುಗಳನ್ನು ಕಕ್ಕುತ್ತಲೇ ಇರುತ್ತವೆ. ನಿಜವಾದ ಎರರ್ ಎಷ್ಟೋ ಮೇಲೆ ಹೂತಿರುತ್ತದೆ. ಔಟ್‌ಪುಟ್ ಫೈಲಿಗೆ ಉಳಿಸಿ, ಮೊದಲ ಎರರ್ ಹುಡುಕಿ, ಅದರಲ್ಲಿರುವ ಫೈಲಿನ ಹೆಸರು, ಸಾಲಿನ ನಂಬರು ನೋಡಿ ಎನ್ನುತ್ತೇನೆ. ಹೆಸರು, ನಂಬರು ಓದಲು ಇಂಗ್ಲಿಷ್ ಪಾಂಡಿತ್ಯ ಬೇಡ. ಒಮ್ಮೆ ಈ ಧೈರ್ಯ ಬಂದರೆ ಕುರ್ಚಿ ಹಿಂದೆ ಹೋಗುವುದಿಲ್ಲ.

ಕನ್ನಡಿಗರಾಗಿ ನಾವು ಯೋಚಿಸಬೇಕಾದ ಪ್ರಶ್ನೆಯೂ ಅಲ್ಲೇ ಎದ್ದಿತು. ಬೂಟ್ ಆದಾಗ ಬರುವ, ಅಕ್ಷರ ಮಾತ್ರ ತೋರುವ ಕಪ್ಪು ಕನ್ಸೋಲಿನಲ್ಲಿ ಕನ್ನಡ ಯಾಕೆ ಸರಿಯಾಗಿ ಮೂಡುವುದಿಲ್ಲ ಎಂದು ಹುಡುಗನೊಬ್ಬ ಕೇಳಿದ. ಕನ್ಸೋಲ್ ಒಂದು ಚೌಕಕ್ಕೆ ಒಂದು ಅಕ್ಷರದಂತೆ ಬಿಡಿಸುತ್ತದೆ. ‘ದುರ್ಗ’ ಎಂದು ಬರೆದರೆ ಮೆಮೊರಿಯಲ್ಲಿ ರಕಾರ ಮೊದಲು, ಗಕಾರ ನಂತರ. ಕಣ್ಣಿಗೆ ಮಾತ್ರ ಗಕಾರದ ಬಲಕ್ಕೆ ಅರ್ಕಾವತ್ತು ಬರಬೇಕು. ಈ ಜೋಡಣೆಯನ್ನು ಗ್ರಾಫಿಕ್ಸ್ ಪರದೆಯಲ್ಲಿ ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡಿಕೊಡುತ್ತದೆ, ಕನ್ಸೋಲಿನಲ್ಲಿ ಅದಿಲ್ಲ. ಕನ್ಸೋಲಿನ ಸೋರ್ಸ್ ಅವನ ಮುಂದೆಯೇ ಇತ್ತು, ತೆರೆದು ನೋಡಿದ. ನಮ್ಮ ಲಿಪಿಯ ತೊಡಕನ್ನು ಬಿಡಿಸುವವರು ನಮ್ಮೂರಿನಿಂದಲೇ ಬರಬೇಕು, ಬೇರೆಯವರಿಗೆ ಆ ತೊಡಕು ಕಾಣುವುದೇ ಇಲ್ಲ.

ಸಿದ್ಧ ಸಿಡಿ ಹಾಕಿದರೆ ಸಾಲದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯೆಂದು ಬೆನ್ನು ಹತ್ತಿ ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ತಂತ್ರಾಂಶದಲ್ಲಿ ಅಡಗಿದ್ದ ಕಳ್ಳಬಾಗಿಲನ್ನು ಪತ್ತೆ ಹಚ್ಚಿದರು. ಅದನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟು ಎಲ್ಲರೂ ನೋಡುವ, ಸೋರ್ಸ್ ಇಡುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಯ ಕಂತೆಯಲ್ಲಿ ಮಾತ್ರ ಇತ್ತು. ಸೋರ್ಸಿಗೂ ಕೊನೆಗೆ ಓಡುವ ಬೈನರಿಗೂ ನಡುವೆ ಏನೆಲ್ಲ ನುಸುಳಬಹುದು ಎಂಬುದು ಬಿಲ್ಡ್ ಮಾಡಿ ನೋಡದವರಿಗೆ ಹೊಳೆಯುವುದಾದರೂ ಹೇಗೆ?

ಖರ್ಚಿನ ಮಾತು. ತಂತ್ರಾಂಶ ಉಚಿತ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಯಂತ್ರಗಳನ್ನು ಕಾಲೇಜು, ಕಚೇರಿಗಳು ಗುಜರಿಗೆ ಹಾಕಲು ಹೊರಟಿವೆ. ಅವುಗಳಲ್ಲಿ 8 ಜಿಬಿ ರ‍್ಯಾಮ್, 100 ಜಿಬಿ ಖಾಲಿ ಡಿಸ್ಕ್ ಇರುವವನ್ನು ಬೇರೆ ತೆಗೆದಿಟ್ಟು ಒಂದು ಬಿಲ್ಡ್ ಲ್ಯಾಬ್ ಮಾಡಬಹುದು. ಯುಪಿಎಸ್ ಒಂದು ಬೇಕು, ರಾತ್ರಿ ಯಂತ್ರಗಳನ್ನು ಆರಿಸದಿರಲು ವಾಚ್‌ಮನ್‌ಗೆ ಲಿಖಿತ ಸೂಚನೆ ಬೇಕು, ಟೈಮ್‌ಟೇಬಲಿನಲ್ಲಿ ವಾರಕ್ಕೆ ಒಂದು ಮಧ್ಯಾಹ್ನ ಬೇಕು. ಮುಂದಿನ ಸೆಮಿಸ್ಟರಿನ ಟೈಮ್‌ಟೇಬಲ್ ಬರೆಯುವ ಮುನ್ನ ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು ಇದನ್ನು ತೀರ್ಮಾನಿಸಲಿ. ಬೆಂಗಳೂರಿನಲ್ಲಿ ಕರ್ನಲ್, ಡ್ರೈವರ್ ಕೆಲಸ ಮಾಡುತ್ತಿರುವ ಈ ಜಿಲ್ಲೆಗಳ ಎಂಜಿನಿಯರುಗಳು ಊರಿಗೆ ಬಂದಾಗ ಒಂದು ಶನಿವಾರ ಲ್ಯಾಬಿಗೆ ಬಂದು ಮಕ್ಕಳ ಪಕ್ಕ ಕೂರಲಿ.

— ಲ್ಯಾಬ್ ಇನ್‌ಸ್ಟ್ರಕ್ಟರ್ ಒಬ್ಬರು, ವಿನೋಬನಗರ, ದಾವಣಗೆರೆ