ಭಾನುವಾರದ ಚರ್ಚೆಗೆ: ಮೇಜರ್ ಕುಸನಾಗಿಯ ವೇಷ

ಗೆಳೆಯರೇ, ಈ ಭಾನುವಾರ ರಾತ್ರಿ 8ಕ್ಕೆ ಜಪಾನಿನ ಅನಿಮೆ (ಆನಿಮೇಶನ್) ‘ಘೋಸ್ಟ್ ಇನ್ ದ ಶೆಲ್’ ಬಗ್ಗೆ ಮಾತಾಡೋಣ. ಮೇಜರ್ ಕುಸನಾಗಿ ಅದರ ನಾಯಕಿ, ಯಂತ್ರದ ಮೈ ಇರುವ ಪೊಲೀಸ್ ಅಧಿಕಾರಿ. ಮಾಮೊರು ಒಶಿಯಿ ನಿರ್ದೇಶಿಸಿದ 1995ರ ಸಿನಿಮಾ ಪೂರ್ತಿ ನೋಡಿ ಬನ್ನಿ. 2002ರಲ್ಲಿ ಶುರುವಾದ ಟಿವಿ ಸರಣಿಯ ಮೊದಲ ಎರಡು ಕಂತು ನೋಡಿದರೆ ಸಾಕು.

ಸಿನಿಮಾದಲ್ಲಿ ಮೇಜರ್ ಕಣ್ಣು ಮಿಟುಕಿಸುವುದೇ ಅಪರೂಪ. ಹಾಗಾಗಿ ಮುಖ ಗೊಂಬೆಯಂತೆ ತಣ್ಣಗಿದೆ. ಕೊನೆಯಲ್ಲಿ ಅವಳು ಯುದ್ಧ ಟ್ಯಾಂಕಿನ ಮುಚ್ಚಳ ಕೀಳುವ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಬೆನ್ನಿನ ಸ್ನಾಯು ಉಬ್ಬುತ್ತದೆ, ಕೈ ಕಿತ್ತು ಹೋಗುತ್ತದೆ. ಮೈ ಹೆಚ್ಚುಕಮ್ಮಿ ಬೆತ್ತಲೆಯಾಗಿಯೇ ಕಾಣುತ್ತದೆ, ಆದರೂ ನಮ್ಮ ಗಮನವೆಲ್ಲ ಆ ದೇಹ ಎಷ್ಟು ತಾಳುತ್ತದೆ ಅನ್ನುವುದರ ಮೇಲೆ. ನನಗೆ ಇದು ಬಹಳ ಇಷ್ಟ.

ಸರಣಿಯಲ್ಲಿ ಹಾಗಿಲ್ಲ. ಜಾಕೆಟ್ಟಿನ ಕೆಳಗೆ ಈಜುಡುಗೆಯಂಥ ಬಟ್ಟೆ. ಅದೇ ತಂಡದ ತೊಗುಸಾ ಮಾತ್ರ ಕೋಟು ಪ್ಯಾಂಟು ಹಾಕಿಕೊಂಡು ನಿಂತಿರುತ್ತಾನೆ. ಇಡೀ ತಂಡವನ್ನು ನಡೆಸುವವಳಿಗೆ ಈ ಉಡುಪು ಯಾಕೆ ಅಂತ ಕಥೆಯಲ್ಲಿ ಕಾರಣ ಸಿಗುವುದಿಲ್ಲ. ಪಾತ್ರ ಗಟ್ಟಿಯಾಗಿದೆ, ಬಟ್ಟೆ ಅದಕ್ಕೆ ಒಗ್ಗಿಲ್ಲ ಅನ್ನುವುದು ನನ್ನ ಅನಿಸಿಕೆ. ಒಪ್ಪದವರು ಖಂಡಿತ ವಾದ ಮಾಡಿ.

ಒಂದು ಕೋರಿಕೆ. ‘ಸೂಪರ್’, ‘ಚೆನ್ನಾಗಿಲ್ಲ’ ಅಂತ ಸುಮ್ನೆ ಬರೆಯಬೇಡಿ. ಒಂದು ಸ್ಕ್ರೀನ್‌ಶಾಟ್ ಹಾಕಿ, ಅದರಲ್ಲಿ ಗೆರೆ, ಬಣ್ಣ, ನಿಲುವು ಏನು ಹೇಳುತ್ತದೆ ಅಂತ ಎರಡು ಸಾಲು ಬರೆಯಿರಿ. ಹೆಣ್ಣಿನ ಮೈ ಬಗ್ಗೆ ಕೀಳು ಮಾತು ಬಂದರೆ ಆ ಮೆಸೇಜು ತೆಗೆಯುತ್ತೇವೆ. ಸ್ಕ್ರೀನ್‌ಶಾಟ್‌ಗಳನ್ನು ಶನಿವಾರ ಸಂಜೆಯೊಳಗೆ ಇಲ್ಲೇ ಕಳಿಸಿ.